ಪರೀಕ್ಷೆಯ ನ್ಯಾಯ ತರಗತಿಯಲ್ಲಿಯೇ ಮೊದಲಾಗಲಿ

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮನೆಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಚಿಂತೆ ಆವರಿಸುವುದು ವಾಡಿಕೆಯೇ ಆಗಿದ್ದರೂ, ಕಣ್ಣು ಕಾಣದ, ಕಿವಿ ಕೇಳದ, ಕೈ ಸ್ವಾಧೀನದಲ್ಲಿರದ, ಅಥವಾ ಬುದ್ಧಿ ಚುರುಕಾಗಿದ್ದೂ ಅಕ್ಷರವೊಂದೇ ವಶವಾಗದ ಮಗುವಿರುವ ಮನೆಯಲ್ಲಿ ಆ ಚಿಂತೆಗೆ ಮತ್ತೊಂದು ಜೊತೆಗೂಡುತ್ತದೆ: ಕಲಿತುದನ್ನು ಉತ್ತರಪತ್ರಿಕೆಗೆ ತರುವ ಮಾರ್ಗ ಯಾವುದು, ಅದಕ್ಕೆ ಬೇಕಾದ ಅನುಮತಿ ಸಕಾಲದಲ್ಲಿ ಬಂದೀತೆ, ಹೇಳಿದುದನ್ನು ಬರೆಯುವ ಲಿಪಿಕಾರರು ದೊರೆತಾರೆಯೆ? ಇತಿಹಾಸದ ಪ್ರಶ್ನೆಪತ್ರಿಕೆ ಇತಿಹಾಸದ ಜ್ಞಾನವನ್ನು ಅಳೆಯಬೇಕೇ ಹೊರತು ದೃಷ್ಟಿಯ ತೀಕ್ಷ್ಣತೆಯನ್ನಾಗಲಿ ಬೆರಳಿನ ವೇಗವನ್ನಾಗಲಿ ಅಳೆಯಬಾರದು. ಅಧಿಕ ಸಮಯ, ಲಿಪಿಕಾರ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಮೊದಲಾದ ಸೌಲಭ್ಯಗಳೆಲ್ಲ ದಯೆಯ ದಾನವಲ್ಲ. ಅಳತೆಯನ್ನು ಸತ್ಯವಾಗಿಸುವ ಸಾಧನಗಳು.

ಜೆ.ಪಿ. ನಗರದ ಮೂರನೆಯ ಹಂತದಲ್ಲಿ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ೧೯೬೯ರಲ್ಲಿ ಸ್ಥಾಪಿತವಾದ ಸಂಸ್ಥೆ. ಇಂತಹ ಶಾಲೆಗಳಲ್ಲಿ ಮಗು ಬ್ರೈಲ್ ಬರೆಯುವ ಕ್ರಮವನ್ನು ಹತ್ತಿರದಿಂದ ನೋಡಿದವರಿಗೆ ಅಧಿಕ ಸಮಯದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ದಪ್ಪ ಕಾಗದವನ್ನು ಸ್ಲೇಟಿನ ಪಟ್ಟಿಗಳ ನಡುವೆ ಬಿಗಿದು, ಮೊನೆಯುಳ್ಳ ಕಡ್ಡಿಯಿಂದ ಒಂದೊಂದೇ ಚುಕ್ಕೆಯನ್ನು ಒತ್ತುತ್ತ, ಕೈ ಬಲದಿಂದ ಎಡಕ್ಕೆ ಸಾಗುತ್ತದೆ. ಓದುವಾಗ ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಬೆರಳಾಡಿಸಬೇಕಾದುದರಿಂದ, ಬರೆಯುವ ಪ್ರತಿಯೊಂದು ಅಕ್ಷರವನ್ನೂ ಮನಸ್ಸಿನಲ್ಲಿ ತಿರುಗಿಸಿಯೇ ಬರೆಯಬೇಕು. ನಾವು ಒಂದೇ ಅಕ್ಷರವಾಗಿ ಬರೆದು ಮುಗಿಸುವ ‘ಸ್ತ್ರೀ’ ಎಂಬುದು ಅಲ್ಲಿ ಆರು ಚುಕ್ಕೆಮನೆಗಳನ್ನು ಆಕ್ರಮಿಸುತ್ತದೆ. ಬರೆದುದು ಸರಿಯೆ ಎಂದು ನೋಡಬೇಕಾದರೆ ಕಾಗದವನ್ನು ಕಳಚಿ, ಮಗುಚಿ, ಸಾಲನ್ನು ಹುಡುಕಬೇಕು. ಇಷ್ಟೆಲ್ಲವನ್ನೂ ಮಾಡುವವನಿಗೂ ಲೇಖನಿ ಹಿಡಿದವನಿಗೂ ಒಂದೇ ಗಡಿಯಾರವನ್ನಿಟ್ಟರೆ ಅದು ಸಮತೆಯೆನಿಸಲಾರದು.

ಶಾಸನವು ಈ ವಿಚಾರದಲ್ಲಿ ಸ್ಪಷ್ಟವಾಗಿಯೇ ನುಡಿದಿದೆ. ವಿಕಲಚೇತನರನ್ನು ಕುರಿತ ೧೯೯೫ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ೨೦೧೬ರಲ್ಲಿ ಅಂಗೀಕೃತವಾಗಿ ೨೦೧೭ರ ಏಪ್ರಿಲ್ ೧೯ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯಿದೆ ಆ ಸಂಖ್ಯೆಯನ್ನು ಇಪ್ಪತ್ತೊಂದಕ್ಕೇರಿಸಿ, ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡು, ಅಧಿಕ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ತನ್ನ ೧೭ನೆಯ ಪ್ರಕರಣದಲ್ಲಿ ಹೆಸರಿಸಿಯೇ ಹೇಳಿತು. ೨೦೧೮ರ ಕೇಂದ್ರ ಮಾರ್ಗಸೂಚಿ ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದಷ್ಟು, ಅಂದರೆ ೩ ಗಂಟೆಯ ಪರೀಕ್ಷೆಗೆ ೧ ಗಂಟೆ, ಅಧಿಕ ಸಮಯ ಸಲ್ಲಬೇಕೆಂದು ವಿಧಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ಬಾಧೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಫೆಬ್ರವರಿ ೧೧ರಂದು ತೀರ್ಪಿತ್ತು, ಶೇಕಡಾ ೪೦ ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಮಾತ್ರವೇ ಲಿಪಿಕಾರರೆಂಬ ನಿಲುವು ಸಲ್ಲದೆಂದು ಸಾರಿತು.

ನಮ್ಮ ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರವೂ ವಿಜ್ಞಾನದ ದಿನವೇ ರಾಜ್ಯಶಾಸ್ತ್ರವೂ ಕಾಣುವುದು, ಗಣಿತ, ವಿಜ್ಞಾನಗಳ ಬದಲಿಗೆ ಅವನ್ನು ಆಯ್ದುಕೊಳ್ಳಬಹುದಾದ ವಿಕಲಚೇತನ ಮಕ್ಕಳ ಅನುಕೂಲಕ್ಕಾಗಿಯೇ. ಬೇಕಾದವರಿಗೆ ಇದು ಉಪಕಾರವೇ ಸರಿ. ಆದರೆ ಗಣಿತವನ್ನೇ ಪ್ರೀತಿಸುವ ಅಂಧ ಬಾಲಕಿಗೆ ಉಬ್ಬುರೇಖೆಯ ಚಿತ್ರಗಳನ್ನು ಒದಗಿಸುವ ಶ್ರಮ ವಹಿಸದೆ, ಸುಲಭ ಮಾರ್ಗವೆಂದು ಬೇರೆ ವಿಷಯವನ್ನು ಕೈಗಿತ್ತು ಕಳುಹಿದರೆ, ಮುಂದೆ ವಿಜ್ಞಾನ ಓದುವ ಆಸೆ ಅವಳಿಗೆ ಆ ದಿನವೇ ಮುಗಿದಂತೆ.

ಕಣ್ಣಿಗೆ ಕಾಣಿಸದ ನ್ಯೂನತೆಯ ಪಾಡು ಇನ್ನೂ ಕಠಿನವಾದುದು. ಕಾಗುಣಿತ, ಒತ್ತಕ್ಷರಗಳಿಂದ ಸಮೃದ್ಧವಾದ ಕನ್ನಡದ ಅಕ್ಷರಸಮೂಹವನ್ನು ಪೂರ್ಣವಾಗಿ ವಶಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೂ ನಾಲ್ಕನೆಯ ತರಗತಿಯವರೆಗೆ ಕಾಲ ಹಿಡಿಯುವುದೆಂದು ಬೆಂಗಳೂರಿನ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿಕೊಟ್ಟಿತು. ಆದುದರಿಂದ ಸಹಜವಾದ ನಿಧಾನವಾವುದು, ನೆರವನ್ನು ಬೇಡುವ ತೊಡಕಾವುದು ಎಂಬುದನ್ನು ಅಧ್ಯಾಪಕರು ವರ್ಷಗಟ್ಟಲೆ ಗಮನಿಸಿಯೇ ಅರಿಯಬೇಕಾಗುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಜಯನಗರಕ್ಕೆ ಕೂಗಳತೆಯಲ್ಲಿದೆ. ಅಲ್ಲಿ ರೂಪುಗೊಂಡ ಪರೀಕ್ಷಾಮಾಲೆ ಅವಧಾನ, ಓದು, ಬರಹ, ಗ್ರಹಿಕೆ, ಲೆಕ್ಕ, ಸ್ಮರಣೆಗಳನ್ನು ಐದನೆಯ ವಯಸ್ಸಿನಿಂದಲೇ ಪರಿಶೀಲಿಸಬಲ್ಲುದು. ‘ಸೋಮಾರಿ’ ಎಂಬ ಬೈಗುಳದಲ್ಲಿ ಬಾಲ್ಯ ಕಳೆದ ಮಗುವನ್ನು ಹತ್ತನೆಯ ತರಗತಿಯಲ್ಲಿ, ಪ್ರಮಾಣಪತ್ರಕ್ಕಾಗಿ ಮಾತ್ರ ಅಲ್ಲಿಗೆ ಕರೆದೊಯ್ದರೆ ಪ್ರಮಾಣಪತ್ರ ದೊರೆತೀತು. ಕಳೆದುಹೋದ ಆತ್ಮವಿಶ್ವಾಸ ದೊರೆಯದು.

ಲಿಪಿಕಾರರ ಕಾರ್ಯವೂ ಹಾಗೆಯೇ ಪೂರ್ವಸಿದ್ಧತೆಯನ್ನು ಬೇಡುತ್ತದೆ. ನೂರಾರು ಪರೀಕ್ಷೆಗಳಲ್ಲಿ ಪರರ ಉತ್ತರಗಳಿಗೆ ಕೈಯಾಗಿ ೨೦೧೮ರ ನಾರೀಶಕ್ತಿ ಪುರಸ್ಕಾರಕ್ಕೆ ಪಾತ್ರರಾದ ಬೆಂಗಳೂರಿನ ಎನ್.ಎಂ. ಪುಷ್ಪಾ ಅವರಂತಹವರು ಈ ಸೇವೆಯ ಘನತೆಯನ್ನು ನಾಡಿಗೆ ತೋರಿಸಿದ್ದಾರೆ. ವಿದ್ಯಾರ್ಥಿ ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಎಂದಾಗ ‘ಹೋಲ್’ ಎಂಬುದು ಲಿಪಿಕಾರರ ಕಿವಿತಪ್ಪಿದರೆ ಆವರಣಚಿಹ್ನೆ ಬಿಟ್ಟುಹೋಗಿ ಲೆಕ್ಕವೇ ಕೆಡುತ್ತದೆ. ತಾವು ಬಲ್ಲ ಉತ್ತರವನ್ನು ಸೇರಿಸುವಂತಿಲ್ಲ, ಕೇಳಿದುದನ್ನು ಬಿಡುವಂತೆಯೂ ಇಲ್ಲ. ಇಬ್ಬರಿಗೂ ಪರಸ್ಪರರ ಉಚ್ಚಾರಣೆ, ವೇಗ, ಹೇಳಿ ತಿದ್ದುವ ರೀತಿ ಪರಿಚಿತವಾಗಿರಬೇಕಾದರೆ ಪರೀಕ್ಷೆಯ ಬೆಳಗಿನ ಭೇಟಿ ಸಾಲದು. ಕಿರುಪರೀಕ್ಷೆಗಳಲ್ಲಿ ಜೊತೆಯಾಗಿ ಕುಳಿತು ಅಭ್ಯಾಸಮಾಡಿರಬೇಕು.

ಅಧಿಕ ಸಮಯ ಕೊಡುವುದರಿಂದ ಉಳಿದ ಮಕ್ಕಳಿಗೆ ಅನ್ಯಾಯವಾಗದೆ ಎಂದು ಕೇಳುವವರುಂಟು. ಉತ್ತರವನ್ನು ಅರಿಯದವನಿಗೆ ಇನ್ನೊಂದು ಗಂಟೆಯನ್ನಿತ್ತರೂ ಅದು ಹೊಳೆಯದು. ಅರಿತವನಿಗೆ ಮಾತ್ರವೇ ಆ ಗಂಟೆ ಫಲವೀಯುವುದು. ಹಾಗಿರುವಾಗ ಯಾರ ಪಾಲನ್ನೂ ಯಾರೂ ಕಸಿದಂತಾಗಲಿಲ್ಲ.

ಶಾಲೆಗಳಲ್ಲಿ ನಮ್ಮ ಬೇಡಿಕೆ ಇಷ್ಟೆ: ಮಾರ್ಚಿನಲ್ಲಿ ಕೊಡುವುದನ್ನು ಜೂನ್‌ನಲ್ಲಿಯೇ ಆರಂಭಿಸಿರಿ. ಕರಿಹಲಗೆಯ ಮೇಲೆ ಬರೆಯುವುದನ್ನು ಬಾಯಿಬಿಟ್ಟು ಓದುವುದು, ಕಿವಿ ಮಂದವಾದ ಮಗು ತುಟಿಯ ಚಲನೆಯನ್ನು ಕಾಣುವಂತೆ ತರಗತಿಗೆ ಮುಖಮಾಡಿ ಮಾತನಾಡುವುದು, ಗಾಲಿಕುರ್ಚಿಯ ವಿದ್ಯಾರ್ಥಿಯ ತರಗತಿಯನ್ನು ನೆಲಮಹಡಿಗೆ ತರುವುದು, ಬರಹ ಕಷ್ಟವಾದವನಿಂದ ಪಾಠವನ್ನು ಬಾಯಲ್ಲಿ ಒಪ್ಪಿಸಿಕೊಳ್ಳುವುದು, ಇವುಗಳಿಗೆ ಸರ್ಕಾರದ ಆದೇಶವಾಗಲಿ ವಿಶೇಷ ಧನವಾಗಲಿ ಬೇಕಿಲ್ಲ. ತಂದೆತಾಯಿಗಳು ಶಾಲೆ ತೆರೆದ ವಾರದಲ್ಲಿಯೇ ಮುಖ್ಯೋಪಾಧ್ಯಾಯರಲ್ಲಿಗೆ ಹೋಗಿ, ಮಗುವಿಗೆ ಬೇಕಾದುದನ್ನು ಬರಹದಲ್ಲಿ ಕೊಟ್ಟು, ಸ್ವೀಕೃತಿಯನ್ನು ಪಡೆಯಲಿ. ಯಾಚಿಸುವ ಧ್ವನಿ ಬೇಡ, ಸಂಕೋಚವೂ ಬೇಡ. ಕಾಯಿದೆ ಕೊಟ್ಟದ್ದನ್ನೇ ಅವರು ಕೇಳುತ್ತಿದ್ದಾರೆ, ಅದನ್ನು ಒದಗಿಸುವ ಹೊಣೆ ಶಾಲೆಯದು.