ಎರಡು ತಂತಿಯಲ್ಲಿ ಉಳಿತಾಯ, ಇಡೀ ಕಟ್ಟಡಕ್ಕೆ ಅಪಾಯ

ಮುಂಗಾರಿಗೆ ಮುಂಚಿನ ಗುಡುಗು ಮಳೆ ಹೊಸಪೇಟೆ, ಸಂಡೂರು, ಕಂಪ್ಲಿಯ ಜನಕ್ಕೆ ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಬಡಿದು ಟಿವಿ ಕೆಡುವುದು, ಪಂಪ್‌ಸೆಟ್ಟಿನ ಸ್ಟಾರ್ಟರ್ ಸುಡುವುದು ಕೂಡ ಹೊಸದಲ್ಲ. ಒಂದೇ ಹೊಡೆತಕ್ಕೆ ಇಡೀ ಕಟ್ಟಡದ ಎ.ಸಿ., ನೀರಿನ ಪಂಪು, ದೀಪ, ಜನರೇಟರ್‌ಗಳ ಹಿಡಿತ ತಪ್ಪಬಹುದಾದ ಪರಿಸ್ಥಿತಿ ಮಾತ್ರ ಹೊಸದು. ಅದನ್ನು ಹಣ ಕೊಟ್ಟು ತಂದುಕೊಳ್ಳುತ್ತಿರುವವರು ನಾವೇ.

ದೊಡ್ಡ ಹೋಟೆಲು, ಆಸ್ಪತ್ರೆ, ಕಾರ್ಖಾನೆಯ ಕಚೇರಿಗಳನ್ನು ಈಗ ಬಿಎಂಎಸ್ ಎಂಬ ಕಟ್ಟಡ ನಿರ್ವಹಣಾ ವ್ಯವಸ್ಥೆ ನೋಡಿಕೊಳ್ಳುತ್ತದೆ. ಒಂದು ಕಂಪ್ಯೂಟರ್ ಮುಂದೆ ಕುಳಿತವರು ಚಿಲ್ಲರ್ ಎಷ್ಟು ತಂಪು ಕೊಡುತ್ತಿದೆ, ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದನ್ನೆಲ್ಲ ಅಲ್ಲಿಂದಲೇ ನೋಡಬಹುದು. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಮಾತುಕತೆ ನಡೆಸುವುದು ಅಂಗೈಯಗಲದ ಒಂದು ಡಬ್ಬಿ, ಅಂದರೆ ಕಮ್ಯುನಿಕೇಷನ್ ಮಾಡ್ಯೂಲ್. ಅದರಿಂದ ಹೊರಡುವುದು ಸಾಮಾನ್ಯವಾಗಿ ಹುರಿಗೊಳಿಸಿದ ಎರಡು ತಂತಿಯ, ಮೇಲೆ ಶೀಲ್ಡ್ ಇರುವ ಕೇಬಲ್. ಈ ತಂತಿಯ ವಿದ್ಯುತ್ ಗುಣಗಳನ್ನು ಗೊತ್ತುಮಾಡಿದ ಆರ್‌ಎಸ್-485 ಮಾನಕ ಬಂದದ್ದು 1983ರಲ್ಲಿ. ಅದರ ಮೇಲೆ ಓಡುವ ಮಾಡ್‌ಬಸ್ ಭಾಷೆ ಇನ್ನೂ ಹಳೆಯದು, 1979ರದು. ಇಂಥದ್ದೇ ಇನ್ನೊಂದು ಭಾಷೆಯಾದ ಬ್ಯಾಕ್‌ನೆಟ್ 1995ರಲ್ಲಿ ಮಾನಕವಾಯಿತು.

ಈ ತಂತಿ ಎಳೆಯುವುದಕ್ಕೆ ಅದರದೇ ಕ್ರಮವಿದೆ. ಮಾಡ್ಯೂಲ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಜೋಡಿಸಬೇಕು. ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ರೆಸಿಸ್ಟರ್ ಹಾಕಬೇಕು. ಶೀಲ್ಡನ್ನು ಒಂದೇ ಕಡೆ ಅರ್ತ್ ಮಾಡಬೇಕು. ಮನೆ ವೈರಿಂಗ್ ರೂಢಿಯಿರುವ ಎಲೆಕ್ಟ್ರಿಷಿಯನ್ ಇದನ್ನೂ ದೀಪದ ಲೈನಿನಂತೆಯೇ ಕಂಡು, ಒಂದು ಜಂಕ್ಷನ್ ಬಾಕ್ಸಿನಿಂದ ನಾಲ್ಕು ದಿಕ್ಕಿಗೆ ಕವಲು ತೆಗೆಯುತ್ತಾನೆ, ಪವರ್ ಕೇಬಲ್ ಇರುವ ಪೈಪಿನಲ್ಲೇ ಇದನ್ನೂ ತೂರಿಸುತ್ತಾನೆ. ಕೆಲವೇ ಮಾಡ್ಯೂಲ್‌ಗಳು ಇರುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಬಿಲ್ಲು ಪಾವತಿಯಾಗುತ್ತದೆ. ಇನ್ನಷ್ಟು ಮಾಡ್ಯೂಲ್ ಸೇರಿಸಿದಾಗ, ಹತ್ತಿರದಲ್ಲಿ ದೊಡ್ಡ ಮೋಟಾರ್ ಶುರುವಾದಾಗ, ಸಂಕೇತ ಆಗೊಮ್ಮೆ ಈಗೊಮ್ಮೆ ಕಡಿಯತೊಡಗುತ್ತದೆ. ಡಬ್ಬಿಯಲ್ಲಿ 24 ವೋಲ್ಟ್ ವಿದ್ಯುತ್ತಿನ ಟರ್ಮಿನಲ್ಲೂ ಸಂಕೇತದ ಟರ್ಮಿನಲ್ಲೂ ಬಹಳ ಸಲ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು ತಂತಿ ಅದಲುಬದಲಾದರೆ ಆ ಡಬ್ಬಿಯ ಜೊತೆಗೆ ಸಾಲಿನಲ್ಲಿರುವ ಇನ್ನೂ ಹಲವು ಸುಟ್ಟುಹೋಗಬಹುದು.

ಇದಕ್ಕೆ ನಮ್ಮ ನೆಲದ ಗುಣವೂ ಸೇರುತ್ತದೆ. ಹಂಪಿಯ ಸುತ್ತ ಎತ್ತ ನೋಡಿದರೂ ಗ್ರಾನೈಟ್ ಬಂಡೆ. ಕಲ್ಲುನೆಲದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ ಒಣಗಿದ ಮಣ್ಣಿನಲ್ಲಿ, ಒಳ್ಳೆಯ ಅರ್ತಿಂಗ್ ಸಿಗುವುದು ಕಷ್ಟ. ಲೆಕ್ಕ ಸರಳ. ಸಿಡಿಲಿನ ವಿದ್ಯುತ್ ಪ್ರವಾಹ ಸಾಮಾನ್ಯವಾಗಿ 30,000 ಆಂಪಿಯರ್‌ನ ಆಸುಪಾಸು. ಅದರಲ್ಲಿ ಬರೀ 1,000 ಆಂಪಿಯರ್ ನಿಮ್ಮ ಅರ್ತ್ ಪಿಟ್ಟಿಗೆ ಇಳಿಯಿತೆನ್ನಿ, ಪಿಟ್ಟಿನ ರೋಧ 10 ಓಮ್ ಎನ್ನಿ. ಆ ಕ್ಷಣ ಅಲ್ಲಿನ ನೆಲ 10,000 ವೋಲ್ಟಿಗೆ ಏರುತ್ತದೆ. ಪಕ್ಕದ ಕಟ್ಟಡದ ನೆಲ ಹಾಗೆ ಏರಿರುವುದಿಲ್ಲ. ಎರಡಕ್ಕೂ ನಡುವೆ ಇರುವ ಸೇತುವೆಯೆಂದರೆ ಈ ಸಣ್ಣ ತಂತಿಯೊಂದೇ. ಆರ್‌ಎಸ್-485 ಮಾನಕದ ಪ್ರಕಾರ ಎರಡು ಕಡೆಯ ನೆಲದ ಏರುಪೇರನ್ನು ತಡೆದು ಕೆಲಸ ಮಾಡಲು ಮಾಡ್ಯೂಲಿಗೆ ಇರುವ ಮಿತಿ ಋಣ 7 ವೋಲ್ಟಿನಿಂದ ಧನ 12 ವೋಲ್ಟಿನವರೆಗೆ ಮಾತ್ರ. ರೆಸಾರ್ಟಿನ ಬಿಡಿ ಬಿಡಿ ಕಾಟೇಜುಗಳ ನಡುವೆ, ಆಸ್ಪತ್ರೆಯ ಎರಡು ಬ್ಲಾಕುಗಳ ನಡುವೆ ತಾಮ್ರದ ತಂತಿ ಎಳೆದವರು ಆ 10,000 ವೋಲ್ಟನ್ನೂ ಈ 12 ವೋಲ್ಟನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಲಿ. ಸಂಡೂರಿನ ಕಡೆ ಕೆಂಪು ಅದಿರಿನ ಧೂಳು ಬೇರೆ. ಮುಚ್ಚಳ ಬಿಗಿಯಿಲ್ಲದ ಪ್ಯಾನೆಲ್ಲಿಗೆ ನುಗ್ಗಿ, ಮಳೆಗಾಲದ ತೇವದ ಜೊತೆ ಸೇರಿ, ಬೋರ್ಡಿನ ಮೇಲೆ ವಿದ್ಯುತ್ ಸೋರುವುದಕ್ಕೆ ದಾರಿ ಮಾಡಿಕೊಡುತ್ತದೆ.

ಡಬ್ಬಿ ಸುಟ್ಟರೆ ಗೊತ್ತಾದರೂ ಆಗುತ್ತದೆ. ಅದಕ್ಕಿಂತ ಕೆಟ್ಟದ್ದು, ಸಂಪರ್ಕ ಕಡಿದುಹೋದರೂ ಕೊನೆಯ ಅಂಕಿಯನ್ನೇ ತೋರಿಸುತ್ತಾ ಉಳಿಯುವ ಪರದೆ. ಅನೇಕ ವ್ಯವಸ್ಥೆಗಳಲ್ಲಿ ಆ ಅಂಕಿಯ ಬಣ್ಣವಷ್ಟೇ ಬದಲಾಗುತ್ತದೆ, ಇಲ್ಲವೇ ಮೂಲೆಯಲ್ಲೊಂದು ಸಣ್ಣ ಗುರುತು ಬೀಳುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿ ವ್ಯವಸ್ಥೆ ನಿಂತಿದ್ದರೂ ಪರದೆಯ ಮೇಲೆ 21 ಡಿಗ್ರಿ ಹಾಗೆಯೇ ಇರಬಹುದು. ರಾತ್ರಿ ಪಾಳಿಯ ಸಿಬ್ಬಂದಿಗೆ ಇದನ್ನು ಗುರುತಿಸಲು ಯಾರೂ ಕಲಿಸಿರುವುದಿಲ್ಲ.

ಇನ್ನು ಇಂಟರ್‌ನೆಟ್ಟಿನ ಬಾಗಿಲು. ಬೆಂಗಳೂರಿನಲ್ಲಿ ಕುಳಿತೇ ದುರಸ್ತಿ ಮಾಡಲು ಅನುಕೂಲವಾಗಲಿ ಎಂದು ಗುತ್ತಿಗೆದಾರರು ಮಾಡ್ಯೂಲನ್ನು ನೇರ ರೂಟರ್‌ಗೆ ಸಿಕ್ಕಿಸಿ ಹೋಗುತ್ತಾರೆ. ಮೂಲ ಮಾಡ್‌ಬಸ್‌ನಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ. ಆಜ್ಞೆ ಯಾರಿಂದ ಬಂತೆಂದು ಅದು ಕೇಳುವುದಿಲ್ಲ. ಹೀಗೆ ಬಾಗಿಲು ತೆರೆದಿಟ್ಟರೆ ಏನಾಗುತ್ತದೆಂದು ಜಗತ್ತು ಈಗಾಗಲೇ ಕಂಡಿದೆ. 2021ರಲ್ಲಿ ಜರ್ಮನಿಯ ಕಚೇರಿ ಕಟ್ಟಡವೊಂದಕ್ಕೆ ಹೀಗೆ ತೆರೆದಿಟ್ಟ ದಾರಿಯಿಂದ ನುಗ್ಗಿದವರು ಅಲ್ಲಿನ ನಿಯಂತ್ರಣ ಸಾಧನಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಅಳಿಸಿ ಬೀಗ ಹಾಕಿದರು. ದೀಪ ಹಾಕಲು, ಆರಿಸಲು ಸಿಬ್ಬಂದಿ ಬ್ರೇಕರ್‌ಗಳ ಬಳಿ ಓಡಬೇಕಾಯಿತು. 2023ರ ನವೆಂಬರಿನಲ್ಲಿ ಅಮೆರಿಕದ ಅಲಿಕ್ವಿಪ್ಪ ಪಟ್ಟಣದ ನೀರು ಸರಬರಾಜು ಸಂಸ್ಥೆಯ ನಿಯಂತ್ರಕವನ್ನು ಹೊರಗಿನವರು ವಶಪಡಿಸಿಕೊಂಡರು. ಆ ಸರಣಿಯ ದಾಳಿಗಳಿಗೆ ಗುರಿಯಾದ ಸಾಧನಗಳಿಗೆ ಕಾರ್ಖಾನೆ ಕೊಟ್ಟ ಪಾಸ್‌ವರ್ಡ್ 1111. 2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ನಗರದಲ್ಲಿ ಮಾಡ್‌ಬಸ್ ಆಜ್ಞೆಗಳನ್ನೇ ಬಳಸಿ ದಾಳಿ ನಡೆಯಿತು. 600ಕ್ಕೂ ಹೆಚ್ಚು ವಸತಿ ಕಟ್ಟಡಗಳು ಕೊರೆವ ಚಳಿಯಲ್ಲಿ ಸುಮಾರು ಎರಡು ದಿನ ಬಿಸಿ ಕಾಣಲಿಲ್ಲ.

ನಮ್ಮೂರಿಗೆ ಇದೆಲ್ಲ ದೂರದ ಮಾತು ಎನ್ನುವಂತಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ಕಟ್ಟಡದಲ್ಲಿರಲಿ, ಕಾಲುವೆಯಲ್ಲಿರಲಿ, ಸಂದೇಶ ಹೊರುವ ಕೊಂಡಿ ಕೈಕೊಟ್ಟರೆ ಆಗುವುದು ಒಂದೇ. ಸಣ್ಣ ಭಾಗವೊಂದು ಎಷ್ಟು ದೊಡ್ಡ ಹಾನಿ ಮಾಡಬಲ್ಲದು ಎಂಬುದಕ್ಕೆ ಹೊಸಪೇಟೆಯವರಿಗೆ ಪಾಠ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು, ಸರಪಳಿಯ ಕೊಂಡಿ ಕಡಿದು, ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ದಿನಗಟ್ಟಲೆ ನೀರು ಹರಿದುಹೋಯಿತು. ಆ ಸರಪಳಿ ಕಣ್ಣಿಗೆ ಕಾಣುವಂಥದ್ದು. ಕಂಡ್ಯೂಟ್ ಪೈಪಿನೊಳಗಿನ ತಂತಿ ಅಷ್ಟೂ ಕಾಣುವುದಿಲ್ಲ.

ಪರಿಹಾರ ದುಬಾರಿಯಲ್ಲ, ಶಿಸ್ತಿನದು. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಬದಲು ಆಪ್ಟಿಕಲ್ ಫೈಬರ್ ಎಳೆಯಿರಿ, ಅದರಲ್ಲಿ ಸಿಡಿಲಿನ ಪ್ರವಾಹ ಹರಿಯುವುದಿಲ್ಲ. ತಾಮ್ರವೇ ಬೇಕಾದರೆ ಎರಡು ತುದಿಗೂ ಐಸೊಲೇಟರ್ ಮತ್ತು ಸರ್ಜ್ ಪ್ರೊಟೆಕ್ಟರ್ ಇರಲಿ. ಅರ್ತ್ ಪಿಟ್ಟಿನ ರೋಧವನ್ನು ಮಳೆಗಾಲದಲ್ಲಿ ಅಳೆದು ಸಮಾಧಾನಪಡಬೇಡಿ, ನೆಲ ಒಣಗಿರುವ ಬೇಸಿಗೆಯಲ್ಲಿ ಅಳೆಯಿರಿ. ಮಾಡ್ಯೂಲನ್ನು ಅತಿಥಿಗಳ ವೈಫೈ ಇರುವ ಜಾಲದಿಂದ ಬೇರ್ಪಡಿಸಿ. ಪಾಸ್‌ವರ್ಡ್ ಬದಲಿಸಿ. ದೂರದಿಂದ ದುರಸ್ತಿ ಮಾಡುವವರಿಗೆ ವಿಪಿಎನ್ ಮೂಲಕ, ಬೇಕಾದ ಹೊತ್ತಿಗೆ ಮಾತ್ರ ದಾರಿ ಬಿಡಿ. ಬೆಂಕಿ ಎಚ್ಚರಿಕೆಯ ವ್ಯವಸ್ಥೆ ಬಿಎಂಎಸ್ ಸತ್ತರೂ ತಾನಾಗಿಯೇ ಕೆಲಸ ಮಾಡುವಂತಿರಲಿ. ಯಾರಾದರೂ ಒಳನುಗ್ಗಿದ್ದು ಗೊತ್ತಾದರೆ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರಿಂದಲೇ ಇದೆ.

ವೈರಿಂಗ್ ಸರಿಯಿದೆಯೇ ಎಂದು ನೋಡಲು ಎಂಜಿನಿಯರೇ ಆಗಬೇಕಿಲ್ಲ. ವಿದ್ಯುತ್ ತೆಗೆಸಿ, ಸಂಕೇತದ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಡಿಸಿ. ಸುಮಾರು 60 ಓಮ್ ತೋರಿಸಿದರೆ ಎರಡೂ ತುದಿಯ ರೆಸಿಸ್ಟರ್ ಇವೆ. 120ರ ಹತ್ತಿರ ತೋರಿಸಿದರೆ ಒಂದು ಇಲ್ಲ. 40 ತೋರಿಸಿದರೆ ನಡುವೆ ಎಲ್ಲೋ ಮೂರನೆಯದೊಂದು ಉಳಿದುಬಿಟ್ಟಿದೆ. ಈ ಅಂಕಿ, ಬೇಸಿಗೆಯಲ್ಲಿ ಅಳೆದ ಅರ್ತಿಂಗ್ ಅಂಕಿ, ಪಾಸ್‌ವರ್ಡ್ ಬದಲಿಸಿದ್ದಕ್ಕೆ ಸಹಿ, ಈ ಮೂರೂ ಕಾಗದದಲ್ಲಿ ಕೈಸೇರುವವರೆಗೆ ಮಾಲೀಕರು ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕಬಾರದು.