ಅಪ್ಪಯ್ಯನ ಕಾಲಿಗೆ ಬಿಗಿದ ಹಗ್ಗ

ನಾನಾಗ ನಾಲ್ಕನೇ ಕ್ಲಾಸು. ಹೊಸನಗರ ತಾಲ್ಲೂಕಿನ ನಮ್ಮ ತೋಟದಲ್ಲಿ ಗೋಟಡಿಕೆ ಹೆಕ್ಕುತ್ತಿದ್ದ ಅಪ್ಪಯ್ಯನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಓಡಿ ಬಂದವರು ಮೊಣಕಾಲಿನ ಕೆಳಗೆ ಹಗ್ಗ ಬಿಗಿದರು. ಒಬ್ಬರು ಬ್ಲೇಡು ತಂದರು, ಇನ್ನೊಬ್ಬರು ಮಂತ್ರ ಹಾಕುವವರನ್ನು ಕರೆಯಲು ಹೊರಟರು. ಅಜ್ಜಿ ಮಾತ್ರ, "ಮೊದ್ಲು ಜೀಪು ತರ್ಸಿ" ಎಂದು ಗದರಿದಳು. ಸಾಗರದ ಆಸ್ಪತ್ರೆ ಮುಟ್ಟುವಾಗ ಮೂರು ತಾಸಾಗಿತ್ತು. ಅಪ್ಪಯ್ಯ ಉಳಿದರು. ಆದರೆ ವಿಷವೂ ರಕ್ತವೂ ಹಗ್ಗದ ಕೆಳಗೇ ನಿಂತು ಮಾಂಸ ಕೊಳೆತಿತ್ತು. ಅವರ ಕುಂಟು ಕೊನೆವರೆಗೂ ಹೋಗಲಿಲ್ಲ.

ಮಕ್ಕಳೇ, ಕಾಸರಕದ ಬೀಜ, ಕಣಗಿಲೆ ಗಿಡ ತಿಂದರೆ ವಿಷ. ಹಾವಿನದು ಕಚ್ಚಿ ಮೈಯೊಳಗೆ ಇಳಿಸುವ ವಿಷ. ಬೇಟೆ ಹಿಡಿಯಲೆಂದು ಇರುವ ಒಂದು ಬಗೆಯ ಜೊಲ್ಲು ಅದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ನಾಗರ, ಕಟ್ಟುಹಾವಿನ ವಿಷ ನರಗಳಿಗೆ ನಾಟುತ್ತದೆ. ರೆಪ್ಪೆ ಜೋತು ಬೀಳುತ್ತದೆ, ಉಸಿರು ಕಟ್ಟುತ್ತದೆ.

ಇದಕ್ಕೆ ಮದ್ದು ಸಿಗುವುದು ಕುದುರೆಯಿಂದ! ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಅಂಶ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿದರೆ ಇಂಜೆಕ್ಷನ್ ಸಿದ್ಧ. ನಮ್ಮ ದೇಶದಲ್ಲಿ ಅದನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ಮಾಡುತ್ತಾರೆ. ನಮ್ಮ ಕಾಡಿನ ಕಾಳಿಂಗ ಮತ್ತು ಗುಳಿಮಂಡಲಗಳ ವಿಷ ಅದರಲ್ಲಿ ಸೇರಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. ಅಲ್ಲಿ ಕಾಳಿಂಗಗಳ ಮೈಯಲ್ಲಿ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಓಡಾಟ ತಿಳಿದರು. ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಇದು. ಇದರ ಮುಖ್ಯ ಊಟ ಬೇರೆ ಹಾವುಗಳೇ. 2024ರಲ್ಲಿ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು ತೋರಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲಿ ಈಗ ನಮ್ಮ ಕನ್ನಡದ 'ಕಾಳಿಂಗ' ಇದೆ!

ವಿಷದಿಂದ ಉಪಕಾರವೂ ಉಂಟು. ಬ್ರೆಜಿಲ್ಲಿನ ಒಂದು ಗುಳಿಮಂಡಲದ ವಿಷವನ್ನು ಅಭ್ಯಾಸ ಮಾಡಿ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಕಂಡುಹಿಡಿದರು. ಅಜ್ಜಂದಿರ ಡಬ್ಬಿಯಲ್ಲಿರುವ ಎಷ್ಟೋ ಬಿಪಿ ಮಾತ್ರೆಗಳು ಅದರ ತಮ್ಮಂದಿರೇ.

ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಗೆಜ್ಜೆ ಕಳಚಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ತೋಟಕ್ಕೆ ಬೂಟು, ಕತ್ತಲಿಗೆ ಬ್ಯಾಟರಿ ಮರೆಯಬೇಡಿ.

ಈಗ ನನಗೂ ಮೊಮ್ಮಕ್ಕಳಿದ್ದಾರೆ. "ಹಾವು ಕಚ್ಚಿದ್ರೆ ಏನ್ಮಾಡ್ಬೇಕು?" ಎಂದು ಕೇಳಿದರೆ ಎಲ್ಲರೂ ಒಟ್ಟಿಗೇ ಕೂಗುತ್ತಾರೆ: "ಮೊದ್ಲು ಜೀಪು ತರ್ಸಿ!"