ಸವಾರನೇ ವಿನ್ಯಾಸಕಾರನಾದಾಗ: ಡುಲುತ್‌ನ ಒಂದು ಹೊಲಿಗೆ ಕಾರ್ಖಾನೆ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಸುಪೀರಿಯರ್ ಸರೋವರದ ದಂಡೆಯ ಮೇಲಿರುವ ಬಂದರು ಪಟ್ಟಣ ಡುಲುತ್. ಚಳಿಗಾಲ ದೀರ್ಘವಾಗಿರುವ ಈ ಊರಿನಲ್ಲಿ ಮೋಟಾರ್ ಸೈಕಲ್ ಉಡುಪಿನ ಉದ್ದಿಮೆ ಬೆಳೆಯಬಹುದೆಂದು ಯಾವ ಯೋಜನಾ ವರದಿಯೂ ಸಲಹೆ ನೀಡುತ್ತಿರಲಿಲ್ಲ. ಆದರೂ ಆಂಡಿ ಗೋಲ್ಡ್‌ಫೈನ್ ಎಂಬ ಸವಾರ 1983ರಲ್ಲಿ ಇಲ್ಲಿಯೇ ಉದ್ದಿಮೆ ಆರಂಭಿಸಿದರು. ಹಿಂದೆ ಮಿಠಾಯಿ ತಯಾರಾಗುತ್ತಿದ್ದ ಹಳೆಯ ಕಟ್ಟಡದಲ್ಲಿ ಹೊಲಿಗೆ ಯಂತ್ರಗಳು ಬಂದು ಕುಳಿತವು. ‘ಏರೋಸ್ಟಿಚ್’ ಎಂಬ ಹೆಸರು ಇಂದು ದೂರಪ್ರಯಾಣದ ಸವಾರರಿಗೆ ಚಿರಪರಿಚಿತ.

ಅಂದು ಸವಾರರ ರಕ್ಷಣಾ ಉಡುಪೆಂದರೆ ಚರ್ಮದ ಜಾಕೆಟ್. ಚರ್ಮವು ಉಜ್ಜುವಿಕೆಯನ್ನು ತಡೆಯುತ್ತದೆ, ನಿಜ. ಆದರೆ ಅದು ಭಾರ. ಮಳೆಯಲ್ಲಿ ನೆನೆದರೆ ಒಣಗಲು ದಿನಗಳೇ ಬೇಕು. ಕಚೇರಿಗೆ ತೊಟ್ಟು ಹೋಗುವಂತಹುದಲ್ಲ. ಗೋಲ್ಡ್‌ಫೈನ್ ರೂಪಿಸಿದ ‘ರೋಡ್‌ಕ್ರಾಫ್ಟರ್’ ಕಚೇರಿಯ ಉಡುಪಿನ ಮೇಲೆಯೇ ತೊಡಬಹುದಾದ, ಅಂಗಿ ಮತ್ತು ಷರಾಯಿ ಒಂದಾಗಿರುವ ನಿಲುವಂಗಿ. ಕತ್ತಿನಿಂದ ಪಾದದವರೆಗಿನ ಉದ್ದನೆಯ ಜಿಪ್ ಎಳೆದರೆ ಕೆಲವೇ ಕ್ಷಣಗಳಲ್ಲಿ ತೊಡಬಹುದು, ಕಳಚಬಹುದು.

ಅವರು ಬಳಸಿದ ಮುಖ್ಯ ಸಾಮಗ್ರಿಗಳಲ್ಲಿ ಯಾವುದೂ ಅವರ ಆವಿಷ್ಕಾರವಲ್ಲ. ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆ ಬೆನ್ನುಚೀಲಗಳಿಗೆ ಬಳಕೆಯಾಗುತ್ತಿತ್ತು. ಬಾಬ್ ಗೋರ್ 1969ರಲ್ಲಿ ಕಂಡುಹಿಡಿದ ಹಿಗ್ಗಿಸಿದ ಪಾಲಿಮರ್‌ನಿಂದ ಹುಟ್ಟಿದ ಗೋರ್‌ಟೆಕ್ಸ್ ಪೊರೆಯನ್ನು ಪರ್ವತಾರೋಹಿಗಳು ಬಲ್ಲವರಾಗಿದ್ದರು. ಈ ಪೊರೆಯ ರಂಧ್ರಗಳು ಮಳೆಹನಿಗಿಂತ ಬಹಳ ಕಿರಿದು, ಬೆವರಿನ ಆವಿಗಿಂತ ಹಿರಿದು. ನೀರು ಒಳಬರದು, ಆವಿ ಹೊರಹೋಗುತ್ತದೆ. ಶಿಬಿರವಾಸಿಯ ಸಾಮಗ್ರಿಯನ್ನು ಸವಾರನ ಮೈಮೇಲೆ ತಂದು, ಭುಜ, ಮೊಣಕೈ, ಮೊಣಕಾಲುಗಳಲ್ಲಿ ಪೆಟ್ಟು ತಡೆಯುವ ಫೋಮ್ ಪಟ್ಟಿಗಳನ್ನು ಸೇರಿಸಿದ್ದೇ ಇಲ್ಲಿನ ವಿಶೇಷ.

ಹೊಲಿಗೆಯ ವ್ಯವಹಾರದಲ್ಲಿರುವ ಓದುಗರಿಗೆ ಇದರ ಕಷ್ಟ ತಿಳಿಯದೇ ಇರದು. ಜಲನಿರೋಧಕ ಬಟ್ಟೆಗೆ ಸೂಜಿ ಹಾಕಿದೊಡನೆ ಅದು ಜಲನಿರೋಧಕವಾಗಿ ಉಳಿಯುವುದಿಲ್ಲ. ಪ್ರತಿಯೊಂದು ಹೊಲಿಗೆಯ ಮೇಲೆಯೂ ಒಳಗಿನಿಂದ ಬಿಸಿ ಕೊಟ್ಟು ಪಟ್ಟಿ ಅಂಟಿಸಬೇಕು. ಇನ್ನು ಕತ್ತರಿಕೆಯ ವಿಷಯ. ನಿಂತ ಗೊಂಬೆಗೆ ಅಳತೆ ತೆಗೆದ ಉಡುಪು ಬೈಕಿನ ಮೇಲೆ ಕುಳಿತವನಿಗೆ ಹೊಂದುವುದಿಲ್ಲ: ಕೈ ಚಾಚಿದೊಡನೆ ತೋಳು ಮೊಟಕಾಗುತ್ತದೆ, ಮೊಣಕಾಲು ಮಡಿಸಿದೊಡನೆ ಕಾಲು ಮೇಲಕ್ಕೇರುತ್ತದೆ, ಬೆನ್ನು ಬಿಗಿಯುತ್ತದೆ. ಬಲಗೈ ಆಕ್ಸಿಲರೇಟರ್ ಬಿಡುವಂತಿಲ್ಲವಾದ್ದರಿಂದ ಎಡಗೈಗೆ ಎಟುಕುವ ಜೇಬು ಎಲ್ಲಿರಬೇಕೆಂಬುದೂ ಮುನ್ನೂರು ಮೈಲಿ ಮಳೆಯಲ್ಲಿ ಓಡಿಸಿದವನಿಗೆ ತಾನಾಗಿ ತಿಳಿಯುತ್ತದೆ. ಆ ಉದ್ದನೆಯ ಜಿಪ್ಪೇ ದೌರ್ಬಲ್ಯವೂ ಆಗಿತ್ತು. ಭಾರಿ ಮಳೆಯಲ್ಲಿ ಕುಳಿತ ಜಾಗದಲ್ಲಿ ನೀರು ಜಿನುಗುತ್ತದೆಂದು ಸವಾರರು ಗೊಣಗುತ್ತಿದ್ದರು. ಮುಂದೆ ಬಂದ ‘ಆರ್-3’ ಮಾದರಿಯಲ್ಲಿ ನೀರು ತಡೆಯುವ ಜಿಪ್ ಅಳವಡಿಸಲಾಯಿತು.

ಮಾರಾಟದಲ್ಲಿಯೂ ಅವರದು ಬೇರೆಯೇ ದಾರಿ. ಡೀಲರುಗಳ ಜಾಲ ಕಟ್ಟದೆ ಕ್ಯಾಟಲಾಗ್ ಮೂಲಕ ನೇರವಾಗಿ ಗ್ರಾಹಕರಿಗೇ ಮಾರಿದರು. ಉದ್ದರಿ ಕೊಟ್ಟು ವಸೂಲಿಗೆ ತಿಂಗಳುಗಟ್ಟಲೆ ಅಲೆಯುವ ನಮ್ಮ ಸದಸ್ಯ ಮಿತ್ರರಿಗೆ ಇದರ ಲಾಭವನ್ನು ವಿವರಿಸಬೇಕಾಗಿಲ್ಲ. ದೂರುಗಳೂ ನೇರವಾಗಿ ತಯಾರಕನ ಮೇಜಿಗೇ ಬರುತ್ತವೆ. ಗ್ರಾಹಕನ ಮೈಗೆ ತಕ್ಕಂತೆ ಅಳತೆ ಬದಲಿಸುವುದು, ಹಳೆಯ ಉಡುಪುಗಳನ್ನು ದುರಸ್ತಿ ಮಾಡಿಕೊಡುವುದು ಇದರಿಂದಲೇ ಸಾಧ್ಯವಾಯಿತು. ಆದರೆ ಬೆಲೆ? ಸಾವಿರ ಡಾಲರಿಗೂ ಮೇಲೆ. ಇತರ ಅನೇಕ ಬ್ರಾಂಡುಗಳು ಹೊಲಿಗೆಯನ್ನು ಏಷ್ಯಾಕ್ಕೆ ಸಾಗಿಸಿ ಅಗ್ಗದ ಜಾಕೆಟ್‌ಗಳನ್ನು ಅಂಗಡಿ ತುಂಬ ತೂಗುಹಾಕಿದಾಗಲೂ ರೋಡ್‌ಕ್ರಾಫ್ಟರ್ ಡುಲುತ್‌ನಲ್ಲಿಯೇ ಹೊಲಿಯಲ್ಪಡುತ್ತಿತ್ತು. ಸಂಸ್ಥೆ ದೊಡ್ಡದಾಗಲಿಲ್ಲ, ಆ ಹಾದಿಯಲ್ಲಿ ದೊಡ್ಡದಾಗುವುದು ಸಾಧ್ಯವೂ ಇರಲಿಲ್ಲವೆಂದೇ ನಮ್ಮ ಅನಿಸಿಕೆ. ಬೈಕಿನಲ್ಲಿ ಕೆಲಸಕ್ಕೆ ಹೋಗುವ ದಿನವೊಂದನ್ನು 1990ರ ದಶಕದಲ್ಲಿ ಬಳಕೆಗೆ ತಂದವರಲ್ಲಿಯೂ ಗೋಲ್ಡ್‌ಫೈನ್ ಪ್ರಮುಖರು. ಹವ್ಯಾಸದ ಅಭಿಮಾನದ ಜೊತೆಗೆ ಗ್ರಾಹಕರ ಸಂಖ್ಯೆಯೂ ಬೆಳೆಯಲೆಂಬ ವ್ಯವಹಾರ ಜ್ಞಾನ ಅದರಲ್ಲಿ ಇಲ್ಲದಿಲ್ಲ.

ನಮ್ಮಲ್ಲಿಯೂ ಈ ಬಗೆಯ ಪ್ರಯತ್ನ ನಡೆದಿದೆ. ಬೆಂಗಳೂರಿನ ವಯಾಟೆರಾ ಸಂಸ್ಥೆ ದೂರಪ್ರಯಾಣದ ಬೈಕುಗಳಿಗೆ ಕಟ್ಟುವ ಚೀಲಗಳಿಂದ ಹೆಸರು ಮಾಡಿದೆ. ಸಿದ್ಧ ಉಡುಪಿನ ಘಟಕಗಳಲ್ಲಿ ಪಳಗಿದ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಯೂರೋಪಿಗೆ ಸವಾರಿ ಉಡುಪು ಕಳುಹಿಸಬಯಸುವವರು ಮಾತ್ರ 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಕ್ಷಣಾ ಸಾಧನಗಳ ನಿಯಮವನ್ನು ಗಮನಿಸಬೇಕು. ಇಎನ್ 17092 ಮಾನಕದಂತೆ ಬಟ್ಟೆಯ ಉಜ್ಜುವಿಕೆ, ಹರಿಯುವಿಕೆಗಳ ಜೊತೆಗೆ ಹೊಲಿಗೆಯ ಬಲವೂ ಪರೀಕ್ಷೆಗೆ ಒಳಪಡುತ್ತದೆ. ಒಳಗಿನ ರಕ್ಷಾಪಟ್ಟಿಗಳಿಗೆ ಇಎನ್ 1621 ಎಂಬ ಬೇರೆಯೇ ಮಾನಕವಿದೆ. ಪರೀಕ್ಷೆ ಮತ್ತು ಪ್ರಮಾಣಪತ್ರದ ವೆಚ್ಚವನ್ನು ಸಣ್ಣ ಘಟಕ ಮೊದಲ ವರ್ಷವೇ ಹೊರುವುದು ಕಷ್ಟ. ಬೈಕಿನ ಚೀಲಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅಲ್ಲಿಂದ ಆರಂಭಿಸುವುದು ಲೇಸು. ಮೊದಲ ಚೀಲವನ್ನು ತಾನೇ ಬೈಕಿಗೆ ಬಿಗಿದು, ಜೂನ್ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದು ಬಂದರೆ ಹೊಲಿಗೆಯ ದೋಷಗಳು ಒಂದೇ ದಿನದಲ್ಲಿ ಗೊತ್ತಾಗುತ್ತವೆ.